ಕಾಳಗದ ನಾಯಿಯೂ ಮನುಷ್ಯನ ಋಣವೂ

ಮನುಷ್ಯನು ತನ್ನ ಕ್ರೂರವಾದ ವಿನೋದಕ್ಕೆಂದು ಒಂದು ಪ್ರಾಣಿಯನ್ನು ತಲೆಮಾರುಗಟ್ಟಲೆ ಆರಿಸಿ, ಕೂಡಿಸಿ, ತಿದ್ದಿ ಬೆಳೆಸುತ್ತಾನೆ. ಕಾಲಾಂತರದಲ್ಲಿ ಆ ವಿನೋದವು ಅಪರಾಧವೆಂದು ಕಾಯಿದೆಯಾಗುತ್ತದೆ. ಆಡಿಸಿದವನು ಸೆರೆಮನೆಗೆ ಹೋಗುತ್ತಾನೆ. ಪಣ ಕಟ್ಟಿದವರು ಕತ್ತಲೆಯಲ್ಲಿ ಚದರಿಹೋಗುತ್ತಾರೆ. ಕಣದಲ್ಲಿ ಉಳಿಯುವುದು ಪ್ರಾಣಿಯೊಂದೇ. ಅದರ ಗತಿಯೇನು? ಅದನ್ನು ಅಪರಾಧದ ಆಯುಧವೆಂದು ಎಣಿಸಿ ನಾಶಮಾಡಬೇಕೋ, ಅಪರಾಧಕ್ಕೆ ಈಡಾದ ಜೀವವೆಂದು ಎಣಿಸಿ ಕಾಪಾಡಬೇಕೋ? ಕಾಪಾಡುವುದಾದರೆ ಆ ಭಾರವನ್ನು ಹೊರತಕ್ಕವರಾರು?

ದಯೆಯೆಂದೊಡನೆ ಕಣ್ಣಿನ ಮುಂದೆ ನಿಲ್ಲುವುದು ಹಸು, ಪಾರಿವಾಳ, ಜಿಂಕೆಯ ಮರಿ. ಇವುಗಳ ಮೇಲೆ ಕರುಣೆ ಹುಟ್ಟುವುದಕ್ಕೆ ದೊಡ್ಡ ಸಾಧನೆಯೇನೂ ಬೇಕಾಗಿಲ್ಲ. ಅವುಗಳ ಕಣ್ಣೇ ಅರ್ಧ ಕೆಲಸವನ್ನು ಮಾಡಿಬಿಡುತ್ತದೆ. ಭಯವನ್ನು ಹುಟ್ಟಿಸುವ ಪ್ರಾಣಿಯ ಮುಂದೆ ದಯೆಗೆ ನಿಜವಾದ ಪರೀಕ್ಷೆ. ಮಹಾಪ್ರಸ್ಥಾನದ ಕಥೆಯನ್ನು ಕೇಳದ ಮನೆ ಕನ್ನಡ ನಾಡಿನಲ್ಲಿ ಇರಲಾರದು. ತನ್ನನ್ನು ಹಿಂಬಾಲಿಸಿ ಬಂದ ನಾಯಿಯನ್ನು ಬಿಟ್ಟು ಸ್ವರ್ಗವನ್ನು ಸೇರಲು ಧರ್ಮರಾಯನು ಒಪ್ಪಲಿಲ್ಲ. ಆಶ್ರಿತರನ್ನು ತೊರೆಯಬಾರದೆಂಬುದಕ್ಕೆ ಅದಕ್ಕಿಂತ ದೊಡ್ಡ ದೃಷ್ಟಾಂತವು ಬೇಕಿಲ್ಲ. ಆದರೆ ಆ ನಾಯಿಯು ದಾರಿಯಲ್ಲಿ ಯಾರನ್ನೂ ಕಚ್ಚಿರಲಿಲ್ಲ. ಕಚ್ಚುವುದಕ್ಕೆಂದೇ ಬೆಳೆಸಲ್ಪಟ್ಟ ನಾಯಿಯೊಂದು ಅವನ ಹಿಂದೆ ಬಂದಿದ್ದರೆ? ಕಥೆಯು ಈ ಪ್ರಶ್ನೆಯನ್ನು ಕೇಳುವುದಿಲ್ಲ. ಪಿಟ್‌ಬುಲ್ ಎಂದು ಹೆಸರಾದ ನಾಯಿಗಳ ವಿಷಯದಲ್ಲಿ ಈ ಕಾಲವು ಅದನ್ನು ಕೇಳಬೇಕಾಗಿ ಬಂದಿದೆ.

ಹೆಸರಿನಲ್ಲಿಯೇ ಆ ನಾಯಿಯ ಚರಿತ್ರೆಯು ಅಡಗಿದೆ. ಪಿಟ್ ಎಂದರೆ ಕಾಳಗ ನಡೆಯುವ ಗುಂಡಿ ಅಥವಾ ಕಣ. ಬುಲ್ ಎಂದರೆ ಗೂಳಿ. ಇಂಗ್ಲೆಂಡಿನಲ್ಲಿ ಗೂಳಿಯನ್ನು ಗೂಟಕ್ಕೆ ಕಟ್ಟಿ ಅದರ ಮೇಲೆ ನಾಯಿಗಳನ್ನು ಛೂ ಬಿಡುವ ಆಟವೊಂದು ಬಹುಕಾಲ ನಡೆದಿತ್ತು. ನಾಯಿಯು ಗೂಳಿಯ ಮೂಗನ್ನು ಕಚ್ಚಿ ಹಿಡಿದು ಜೋತಾಡುವುದೇ ನೋಡುವವರಿಗೆ ಹಬ್ಬ. ೧೮೩೫ರಲ್ಲಿ ಅಲ್ಲಿಯ ಪಾರ್ಲಿಮೆಂಟು ಇಂಥ ಆಟಗಳನ್ನು ಕಾಯಿದೆಯಿಂದ ನಿಷೇಧಿಸಿತು. ಆದರೆ ಚಟವು ಕಾಯಿದೆಗಿಂತ ಜಾಣತನವುಳ್ಳದ್ದು. ಗೂಳಿಯನ್ನು ಊರಿಗೆ ಕಾಣದಂತೆ ಕೆರಳಿಸುವುದು ಅಸಾಧ್ಯ. ಎರಡು ನಾಯಿಗಳ ಕಾಳಗಕ್ಕಾದರೋ ಒಂದು ನೆಲಮಾಳಿಗೆ ಸಾಕು. ಗೂಳಿಯನ್ನು ಹಿಡಿಯುವ ನಾಯಿಯ ಬಲವನ್ನೂ ಬಿಲದ ಪ್ರಾಣಿಗಳನ್ನು ಅಟ್ಟುವ ಟೆರಿಯರ್ ನಾಯಿಯ ಚುರುಕನ್ನೂ ಒಂದೇ ದೇಹದಲ್ಲಿ ಕೂಡಿಸಿದರು. ವಲಸೆ ಹೋದವರ ಸಂಗಡ ಈ ನಾಯಿಯು ಅಮೆರಿಕಕ್ಕೆ ಹೋಯಿತು. ಅಲ್ಲಿ ೧೮೯೮ರಲ್ಲಿ ಯುನೈಟೆಡ್ ಕೆನಲ್ ಕ್ಲಬ್ ಎಂಬ ಸಂಸ್ಥೆಯು ಸ್ಥಾಪಿತವಾಗಿ, ಅಮೆರಿಕನ್ ಪಿಟ್‌ಬುಲ್ ಟೆರಿಯರ್ ಎಂಬ ಹೆಸರಿನಿಂದ ಅದರ ವಂಶಾವಳಿಯನ್ನು ದಾಖಲೆಮಾಡತೊಡಗಿತು.

ಇಲ್ಲಿ ಗಮನಿಸತಕ್ಕ ವಿಚಿತ್ರವೊಂದುಂಟು. ಕಾಳಗದ ಕಣದಲ್ಲಿ ಯಜಮಾನನೂ ತೀರ್ಪುಗಾರನೂ ನಾಯಿಗಳ ಪಕ್ಕದಲ್ಲಿಯೇ ನಿಲ್ಲಬೇಕಾಗಿತ್ತು. ಕೆರಳಿದ ನಾಯಿಗಳನ್ನು ಬರಿಗೈಯಿಂದ ಬೇರ್ಪಡಿಸಬೇಕಾಗಿತ್ತು. ಆದುದರಿಂದ ಮನುಷ್ಯನ ಮೇಲೆ ತಿರುಗುವ ನಾಯಿಯು ಆ ಆಟಕ್ಕೆ ಒದಗುತ್ತಿರಲಿಲ್ಲ. ಒಂದೇ ಜೀವದಲ್ಲಿ ತನ್ನ ಕುಲದ ಮೇಲೆ ಕಡುಹಗೆಯನ್ನೂ ಮನುಷ್ಯನ ಕೈಗೆ ಪೂರ್ಣವಾದ ವಿಧೇಯತೆಯನ್ನೂ ಬೆಳೆಸಲು ಮನುಷ್ಯನು ಯತ್ನಿಸಿದನು. ಈ ನಿಯಮವನ್ನು ನಾಯಿಗಾರರೆಲ್ಲರೂ ಕಟ್ಟುನಿಟ್ಟಾಗಿ ಪಾಲಿಸಿದರೆಂದು ನಂಬುವುದು ಭೋಳೆತನವಾದೀತು. ಒಳ್ಳೆಯ ಕಾದಾಳುವಾದರೆ ಕಚ್ಚಿದ ದೋಷವನ್ನು ಮನ್ನಿಸಿದವರೂ ಇದ್ದೇ ಇರುತ್ತಾರೆ. ಆದರೂ ತನ್ನನ್ನು ನರಕಕ್ಕೆ ತಳ್ಳುವ ಕೈಯನ್ನೇ ನೆಕ್ಕುವ ಸ್ವಭಾವವು ಈ ನಾಯಿಗಳಲ್ಲಿ ಅನೇಕಕ್ಕೆ ಉಂಟೆಂಬುದು ಅವುಗಳನ್ನು ಬಿಡಿಸಿ ಸಾಕಿದವರ ಅನುಭವ.

ನಾಯಿಯ ಕೆಚ್ಚನ್ನು ಕಂಡು ಹಿಗ್ಗುವುದು ಯಾವುದೋ ಒಂದು ದೇಶದವರ ಗುಣವಲ್ಲ. ಮಂಡ್ಯದ ಸೀಮೆಯ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ಶಾಸನವನ್ನು ಬಲ್ಲವರು ಬಹುಮಂದಿ. ಮಣಲೇರನೆಂಬ ವೀರನು ತನ್ನ ಪರಾಕ್ರಮಕ್ಕೆ ಮೆಚ್ಚಾಗಿ ಒಡೆಯನಿಂದ ಬೇಡಿ ಪಡೆದುದು ಊರನ್ನಲ್ಲ, ಕಾಳಿ ಎಂಬ ನಾಯಿಯನ್ನು. ಅದನ್ನು ಕಾಡುಹಂದಿಯೊಂದರ ಮೇಲೆ ಬಿಡಲಾಗಿ ಹಂದಿಯೂ ನಾಯಿಯೂ ಒಡನೆ ಸತ್ತವು. ಅದರ ನೆನಪಿಗೆ ಕಲ್ಲು ನಿಂತಿತು. ಆ ಕಲ್ಲಿನ ಪೂಜೆಗೆ ಭೂಮಿಯನ್ನು ಬಿಡಲಾಯಿತು. ಕಾಳಿಯನ್ನೂ ಕಾಳಗಕ್ಕೆ ಬಿಟ್ಟವನು ಮನುಷ್ಯನೇ. ಆ ಮಟ್ಟಿಗೆ ಅವನು ನಿರ್ದೋಷಿಯಲ್ಲ. ಆದರೆ ಸತ್ತ ನಾಯಿಗೆ ತಾನು ಋಣಿಯೆಂಬುದನ್ನಾದರೂ ಅವನು ಒಪ್ಪಿಕೊಂಡನು. ಇಪ್ಪತ್ತೊಂದನೆಯ ಶತಮಾನದ ಅಮೆರಿಕದಲ್ಲಿ, ಕೋಟಿಗಟ್ಟಲೆ ಹಣ ಸಂಪಾದಿಸುತ್ತಿದ್ದ ಒಬ್ಬ ಪ್ರಸಿದ್ಧ ಆಟಗಾರನ ಹಿತ್ತಿಲಿನಲ್ಲಿ, ಅಷ್ಟೂ ಉಳಿದಿರಲಿಲ್ಲ.

ಆ ಪ್ರಕರಣವು ಜಗತ್ಪ್ರಸಿದ್ಧವಾದುದು. ೨೦೦೭ರ ಏಪ್ರಿಲ್ ತಿಂಗಳಿನಲ್ಲಿ ಬೇರೊಂದು ಅಪರಾಧದ ಶೋಧನೆಗೆಂದು ವರ್ಜೀನಿಯ ಸಂಸ್ಥಾನದ ಸರ್‍ರಿ ಎಂಬ ಗ್ರಾಮಾಂತರ ಸೀಮೆಯ ಮನೆಯೊಂದಕ್ಕೆ ಹೋದ ಪೋಲೀಸರಿಗೆ ಸುಮಾರು ಐವತ್ತು ಪಿಟ್‌ಬುಲ್ ನಾಯಿಗಳು ಕಂಡವು. ಮನೆಯು ಅಮೆರಿಕದ ಫುಟ್‌ಬಾಲ್ ಆಟದಲ್ಲಿ ಹೆಸರುವಾಸಿಯಾದ ಮೈಕೆಲ್ ವಿಕ್ ಎಂಬವನದು. ಹಿಂದುಗಡೆ ಮರಗಳ ನಡುವೆ ಕಪ್ಪು ಬಣ್ಣ ಬಳಿದ ಕೊಟ್ಟಿಗೆಗಳು. ಮೋಟಾರು ಬಂಡಿಯ ಅಚ್ಚುಗಳನ್ನು ನೆಲದಲ್ಲಿ ಹೂತು, ಅವಕ್ಕೆ ಭಾರವಾದ ಸರಪಳಿಗಳಿಂದ ನಾಯಿಗಳನ್ನು ಕಟ್ಟಿದ್ದರು. ಒಂದು ಇನ್ನೊಂದನ್ನು ನೋಡಬಹುದು, ಮುಟ್ಟಲಾರದು. ಸರಪಳಿಯ ಅಳತೆಯಲ್ಲಿಯೇ ಕೆರಳಿಸುವ ಉಪಾಯವಿತ್ತು. ಪರೀಕ್ಷೆಯ ಕಾಳಗದಲ್ಲಿ ಚೆನ್ನಾಗಿ ಕಾದದ ಆರೆಂಟು ನಾಯಿಗಳನ್ನು ನೇಣು ಹಾಕಿ, ನೀರಿನಲ್ಲಿ ಮುಳುಗಿಸಿ ಕೊಂದುದರಲ್ಲಿ ತನ್ನ ಪಾಲೂ ಉಂಟೆಂದು ವಿಕ್ ನ್ಯಾಯಾಲಯದಲ್ಲಿ ಒಪ್ಪಿಕೊಂಡನು. ಅವನಿಗೆ ೨೩ ತಿಂಗಳ ಸೆರೆಮನೆಯಾಯಿತು. ಅಲ್ಲದೆ, ಬದುಕಿದ ನಾಯಿಗಳ ಪೋಷಣೆಗೆಂದು ಸುಮಾರು ೯ ಲಕ್ಷದ ೨೮ ಸಾವಿರ ಡಾಲರುಗಳನ್ನು ಅವನು ತೆರಬೇಕಾಯಿತು.

ಅಪರಾಧಿಗೆ ದಂಡನೆಯಾಗುವುದು ಹೊಸದಲ್ಲ. ಪ್ರಾಣಿಗಳ ಪುನರ್ಜೀವನಕ್ಕೆಂದು ಅವನ ಚೀಲದಿಂದಲೇ ಹಣ ಬಂದುದು ಹೊಸದು. ಅದಕ್ಕಿಂತ ಹೊಸದು, ಹೆನ್ರಿ ಹಡ್ಸನ್ ಎಂಬ ನ್ಯಾಯಾಧೀಶನು ನಾಯಿಗಳ ಹಿತವನ್ನು ನೋಡುವುದಕ್ಕಾಗಿ ರೆಬೆಕ್ಕಾ ಹಸ್ ಎಂಬ ಕಾನೂನಿನ ಪ್ರಾಧ್ಯಾಪಿಕೆಯನ್ನು ಪಾಲಕಿಯನ್ನಾಗಿ ನೇಮಿಸಿದುದು. ವಶಪಡಿಸಿಕೊಂಡ ಮಾಲು ಎಂಬ ಪಟ್ಟಿಯಲ್ಲಿ ಬಂದೂಕು, ತಕ್ಕಡಿ, ಸರಪಳಿಗಳ ಜೊತೆಯಲ್ಲಿ ಎಣಿಸಲ್ಪಡುತ್ತಿದ್ದ ಪ್ರಾಣಿಗಳಿಗೆ, ತಮ್ಮ ಪರವಾಗಿ ಮಾತನಾಡುವವರೊಬ್ಬರು ದೊರೆತರು.

ಅಷ್ಟರಲ್ಲಿ ವಿವಾದವೊಂದು ಎದ್ದಿತ್ತು. ಅದು ಕ್ರೂರಿಗಳಿಗೂ ದಯಾಳುಗಳಿಗೂ ನಡೆದ ವಿವಾದವಲ್ಲ, ದಯಾಳುಗಳೊಳಗೇ ನಡೆದುದು. ಪ್ರಾಣಿದಯೆಗೆ ಹೆಸರಾದ ಎರಡು ದೊಡ್ಡ ಸಂಸ್ಥೆಗಳು, ಅಮೆರಿಕದ ಹ್ಯೂಮೇನ್ ಸೊಸೈಟಿಯೂ ಪೀಟಾ ಎಂಬುದೂ, ಈ ನಾಯಿಗಳನ್ನು ನೋವಿಲ್ಲದಂತೆ ಕೊಲ್ಲುವುದೇ ಲೇಸೆಂದು ಹೇಳಿದವು. ಅವರ ವಾದವನ್ನು ನಿರ್ದಯವೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಅಮೆರಿಕದ ಆಶ್ರಯಶಾಲೆಗಳಲ್ಲಿ ಯಾರನ್ನೂ ಕಚ್ಚದ ಸಾಧುನಾಯಿಗಳೇ ಲಕ್ಷಗಟ್ಟಲೆಯಾಗಿ, ಇಡಲು ಸ್ಥಳವಿಲ್ಲವೆಂಬ ಕಾರಣದಿಂದ, ಸಾಯುತ್ತಿದ್ದವು. ಒಂದು ಕಾಳಗದ ನಾಯಿಯನ್ನು ತಿದ್ದುವುದಕ್ಕೆ ಹಿಡಿಯುವ ಶ್ರಮದಲ್ಲಿ ಅಂಥ ಹತ್ತನ್ನು ಉಳಿಸಬಹುದಲ್ಲವೆ? ತಿದ್ದಿದ ನಾಯಿಯು ಒಂದು ದಿನ ಮಗುವಿನ ಮೇಲೆ ಬಿದ್ದರೆ ಉತ್ತರ ಹೇಳುವವರು ಯಾರು? ಕಾಳಗದಿಂದ ಹಿಡಿದು ತಂದ ನಾಯಿಯೆಂದರೆ ಮುಕದ್ದಮೆ ಮುಗಿಯುವವರೆಗೆ ಸಾಕ್ಷ್ಯ, ಮುಗಿದ ಮೇಲೆ ಹೆಣ: ಇದೇ ಅಂದಿನವರೆಗಿನ ಪದ್ಧತಿಯಾಗಿತ್ತು.

ನ್ಯಾಯಾಲಯವು ನಾಯಿಗಳನ್ನು ಒಂದೊಂದಾಗಿ ಪರೀಕ್ಷಿಸಲು ಒಪ್ಪಿತು. ಪರೀಕ್ಷೆಯ ಮುಂದಾಳುತನವನ್ನು ವಹಿಸಿದುದು ನ್ಯೂಯಾರ್ಕಿನಲ್ಲಿ ೧೮೬೬ರಲ್ಲಿ ಹೆನ್ರಿ ಬರ್ಗ್ ಎಂಬವನು ಸ್ಥಾಪಿಸಿದ ಪ್ರಾಣಿದಯಾಸಂಘ. ನಾಯಿಕಾಳಗದ ಗುಂಡಿಗಳ ಮೇಲೆ ಮೊದಲು ದಾಳಿ ಮಾಡಿಸಿದವರಲ್ಲಿ ಆ ಬರ್ಗನೂ ಒಬ್ಬನು. ಪರೀಕ್ಷಕರು ಊಟದ ಬಟ್ಟಲಿಗೆ ಕೋಲಿನ ತುದಿಗೆ ಕಟ್ಟಿದ ಕೃತಕವಾದ ಕೈಯನ್ನು ಚಾಚಿ ನೋಡಿದರು. ಮಗುವಿನಷ್ಟೆತ್ತರದ ಗೊಂಬೆಯನ್ನು ಮುಂದೆ ತಂದರು. ಬೇರೆ ನಾಯಿಗಳನ್ನು ಎದುರಿಗೆ ನಡೆಸಿದರು. ನರಭಕ್ಷಕಗಳನ್ನು ಕಾಣುವೆವೆಂದು ಹೋದವರಿಗೆ ಕಂಡುದು ಬಹುಪಾಲು ಬೇರೆಯೇ. ಎಷ್ಟೋ ನಾಯಿಗಳು ಮನುಷ್ಯನು ಹತ್ತಿರ ಬಂದೊಡನೆ ಹೊಟ್ಟೆಯನ್ನು ನೆಲಕ್ಕೆ ಒತ್ತಿ, ರೊಟ್ಟಿ ತಟ್ಟಿದ ಹಾಗೆ ಚಪ್ಪಟೆಯಾಗಿ ಅಂಟಿಕೊಳ್ಳುತ್ತಿದ್ದವು, ಎತ್ತಿದರೂ ಏಳುತ್ತಿರಲಿಲ್ಲ. ಅವುಗಳ ರೋಗವು ಕ್ರೌರ್ಯವಲ್ಲ, ಭಯ. ಪರೀಕ್ಷಿಸಿದ ೪೯ ನಾಯಿಗಳಲ್ಲಿ ತೀರ ಉಗ್ರವಾದುದೊಂದನ್ನು ದಯಾಮರಣಕ್ಕೆ ಒಪ್ಪಿಸಬೇಕಾಯಿತು. ಇನ್ನೊಂದನ್ನು ವಾಸಿಯಾಗದ ರೋಗದ ಕಾರಣದಿಂದ. ಉಳಿದ ೪೭ ಬದುಕಿದವು. ಅವುಗಳಲ್ಲಿ ೨೨ ಯೂಟಾ ಸಂಸ್ಥಾನದ ಬೆಸ್ಟ್ ಫ್ರೆಂಡ್ಸ್ ಎಂಬ ಪ್ರಾಣಿಧಾಮಕ್ಕೆ ಹೋದವು; ಹತ್ತನ್ನು ಕ್ಯಾಲಿಫೋರ್ನಿಯದ ಬ್ಯಾಡ್ ರ‍್ಯಾಪ್ ಎಂಬ ಪುಟ್ಟ ಸಂಸ್ಥೆಯು ತೆಗೆದುಕೊಂಡಿತು; ಮಿಕ್ಕವು ಇತರ ಕೆಲವರ ಪಾಲಿಗೆ ಬಂದವು.

ಒಂದು ಉಗ್ರವಾದ ನಾಯಿಯನ್ನು ಕೊಂದುದನ್ನು ಮರೆಮಾಚುವ ಕಥೆಗಾರರುಂಟು. ಅದು ಸಲ್ಲದು. ಅದನ್ನು ಹೇಳಿದರೆ ಮಾತ್ರ ಉಳಿದ ನಲವತ್ತೇಳರ ಕಥೆಗೆ ನಂಬಿಕೆ ಬರುತ್ತದೆ. ಒಂದೊಂದಾಗಿ ನೋಡುವುದೆಂದರೆ ಎಲ್ಲಕ್ಕೂ ಕ್ಷಮೆಯೆಂದಲ್ಲ. ತೀರ್ಪು ಹುಟ್ಟಿನ ಮೇಲೆ ನಿಲ್ಲದೆ ಎದುರಿಗೆ ಇರುವ ಜೀವದ ಮೇಲೆ ನಿಲ್ಲಬೇಕೆಂದು ಮಾತ್ರ.

ಬದುಕಿಸುವುದು ಬೇರೆ, ಬದುಕನ್ನು ಕಲಿಸುವುದು ಬೇರೆ. ಸರಪಳಿಯ ಸುತ್ತಳತೆಯಲ್ಲಿಯೇ ಹುಟ್ಟಿ ಬೆಳೆದ ನಾಯಿಗೆ ಮೆಟ್ಟಿಲೆಂದರೇನೆಂದು ಗೊತ್ತಿಲ್ಲ. ಮನೆಯ ನಯವಾದ ನೆಲದ ಮೇಲೆ ಕಾಲಿಡಲು ಹೆದರುತ್ತದೆ. ಪಾತ್ರೆ ಬಿದ್ದ ಸದ್ದಿಗೆ ಮಂಚದ ಕೆಳಗೆ ಸೇರಿ ಹಗಲೆಲ್ಲ ಹೊರಗೆ ಬಾರದು. ಇಂಥದನ್ನು ತಿದ್ದುವವರು ಮೊದಮೊದಲು ಏನನ್ನೂ ಕಲಿಸುವುದಿಲ್ಲ. ಒಂದೇ ಹೊತ್ತಿಗೆ ಊಟ, ಒಂದೇ ಹೊತ್ತಿಗೆ ನಡೆದಾಟ, ಒಂದೇ ಮೂಲೆಯಲ್ಲಿ ಹಾಸಿಗೆ. ನಾಳೆಯೂ ಇಂದಿನಂತೆಯೇ ಇರುವುದೆಂಬ ಭರವಸೆಯೇ ಮೊದಲನೆಯ ಪಾಠ. ಮನುಷ್ಯನು ಅದರ ಕಣ್ಣನ್ನು ನೋಡದೆ, ಬೆನ್ನು ತಿರುಗಿಸಿ, ಕೈಯಲ್ಲಿ ತಿಂಡಿ ಹಿಡಿದು ಗಂಟೆಗಟ್ಟಲೆ ನೆಲದ ಮೇಲೆ ಕುಳಿತಿರುತ್ತಾನೆ. ನಾಯಿಯು ತಾನಾಗಿ ಬಂದು ಮೂಸುವ ದಿನದವರೆಗೆ ಅವನೂ ಮುಟ್ಟುವುದಿಲ್ಲ. ಬೇರೆ ನಾಯಿಗಳ ಪರಿಚಯವು ಅದಕ್ಕೂ ನಿಧಾನ: ಮೊದಲು ಬೇಲಿಯ ಆಚೆ ಈಚೆ, ಆಮೇಲೆ ದೂರದೂರವಾಗಿ ಒಂದೇ ದಿಕ್ಕಿಗೆ ನಡೆಸುವುದು, ಕೆಲವಕ್ಕೆ ಅಲ್ಲಿಗೇ ನಿಲುಗಡೆ. ಯೂಟಾಕ್ಕೆ ಹೋದ ನಾಯಿಗಳು ಸಭ್ಯ ನಡತೆಯ ಪರೀಕ್ಷೆಯೊಂದರಲ್ಲಿ ತೇರ್ಗಡೆಯಾದ ಹೊರತು ಯಾರ ಮನೆಗೂ ಹೋಗತಕ್ಕುದಲ್ಲವೆಂದು ಏರ್ಪಾಡಾಗಿತ್ತು. ಸಾಕಲು ಮುಂದೆ ಬಂದವರನ್ನೂ ಬಿಡದೆ ವಿಚಾರಿಸಲಾಯಿತು. ನಾಯಿಗೆ ಪರೀಕ್ಷೆಯಿಟ್ಟು ಯಜಮಾನನಿಗೆ ಇಡದಿದ್ದರೆ ಅದೆಂಥ ಪರೀಕ್ಷೆ!

ಈ ಪರಿಶ್ರಮದ ಫಲವಾಗಿ ಜಾನಿ ಎಂಬ ನಾಯಿಯು ಸ್ಯಾನ್ ಫ್ರಾನ್ಸಿಸ್ಕೋ ಪ್ರಾಂತದಲ್ಲಿ, ಗಟ್ಟಿಯಾಗಿ ಓದಲು ನಾಚುವ ಮಕ್ಕಳ ಪಕ್ಕದಲ್ಲಿ ಮಲಗಿ ಅವರ ಓದನ್ನು ಕೇಳುವ ಕೆಲಸಕ್ಕೆ ಒದಗಿತು. ಲಿಯೋ ಎಂಬುದು ಆಸ್ಪತ್ರೆಯ ರೋಗಿಗಳ ಬಳಿಗೆ ಹೋಗತೊಡಗಿತು. ಜಾರ್ಜಿಯಾ ಎಂಬ ಹೆಣ್ಣುನಾಯಿಯ ಬಾಯಲ್ಲಿ ಹಲ್ಲೇ ಇರಲಿಲ್ಲ. ಬಲವಂತದಿಂದ ಕೂಡಿಸುವಾಗ ಗಂಡುನಾಯಿಯನ್ನು ಕಚ್ಚಬಾರದೆಂದು ಅವನ್ನೆಲ್ಲ ಕಿತ್ತಿದ್ದರೆಂಬುದು ಸಾಕಿದವರ ಊಹೆ. ಆ ಹಲ್ಲಿಲ್ಲದ ಬಾಯಿಯನ್ನು ಕಂಡ ಮೇಲೆಯೂ ಆಯುಧ ಯಾವುದು, ಗಾಯ ಯಾವುದು ಎಂದು ಕೇಳುವವನಿಗೆ ಉತ್ತರ ಹೇಳುವುದು ಕಷ್ಟ.

ಪಿಟ್‌ಬುಲ್ ಎಂಬ ಜಾತಿಯನ್ನೇ ಅಪರಾಧಿಯನ್ನಾಗಿ ಮಾಡಿದ ಕಾಯಿದೆಗಳು ಅನೇಕ ದೇಶಗಳಲ್ಲಿವೆ. ಬ್ರಿಟನ್ನು ೧೯೯೧ರಲ್ಲಿ ಈ ತಳಿಯನ್ನು ನಿಷೇಧಿಸಿತು. ಅಮೆರಿಕದ ಡೆನ್ವರ್ ನಗರವು ೧೯೮೯ರಲ್ಲಿ ನಿಷೇಧಿಸಿ, ೨೦೨೦ರಲ್ಲಿ ಜನಮತದಿಂದ ಆ ನಿಷೇಧವನ್ನು ತೆಗೆದು ಪರವಾನಗಿಯ ಪದ್ಧತಿಯನ್ನು ತಂದಿತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇದೇ ನಾಯಿಯ ಚಿತ್ರವು ಅಮೆರಿಕದ ಧೈರ್ಯದ ಲಾಂಛನವಾಗಿ ಭಿತ್ತಿಪತ್ರಗಳಲ್ಲಿ ನಿಂತಿತ್ತೆಂಬುದನ್ನು ನೆನೆದರೆ, ಕೀರ್ತಿಯೂ ಅಪಕೀರ್ತಿಯೂ ನಾಯಿಯ ಸಂಪಾದನೆಯಲ್ಲವೆಂದು ತೋರುತ್ತದೆ.

ಹುಟ್ಟಿನಿಂದ ಗುಣವನ್ನು ನಿರ್ಣಯಿಸುವ ಅಭ್ಯಾಸದಿಂದ ಬಹುಕಾಲ ನೊಂದ ದೇಶದವರಿಗೆ ಇಂಥ ಕಾಯಿದೆಯನ್ನು ಕಂಡೊಡನೆ ಸಂದೇಹ ಹುಟ್ಟುವುದು ಸಹಜ. ಸಂದೇಹಕ್ಕೆ ಆಧಾರವೂ ಉಂಟು. ೨೦೨೨ರಲ್ಲಿ ಪ್ರಕಟವಾದ ಅಮೆರಿಕದ ವಿಜ್ಞಾನಿಗಳ ಸಂಶೋಧನೆಯೊಂದರಲ್ಲಿ ಹದಿನೆಂಟು ಸಾವಿರಕ್ಕೂ ಮಿಕ್ಕ ನಾಯಿಗಳ ನಡತೆಯನ್ನು ಅವುಗಳ ಯಜಮಾನರಿಂದ ಕೇಳಿ ತಿಳಿದು, ಎರಡು ಸಾವಿರಕ್ಕೂ ಹೆಚ್ಚು ನಾಯಿಗಳ ವಂಶವಾಹಿಗಳನ್ನು ಪರಿಶೀಲಿಸಲಾಯಿತು. ನಾಯಿಗೂ ನಾಯಿಗೂ ನಡತೆಯಲ್ಲಿ ಕಾಣುವ ಭೇದದಲ್ಲಿ ತಳಿಯಿಂದ ವಿವರಿಸಬಹುದಾದುದು ನೂರಕ್ಕೆ ಸುಮಾರು ಒಂಬತ್ತು ಪಾಲು ಮಾತ್ರವೆಂದು ಕಂಡುಬಂತು. ಇದಲ್ಲದೆ, ಯಾವುದು ಪಿಟ್‌ಬುಲ್ ಎಂದು ಕಣ್ಣಳತೆಯಿಂದ ಹೇಳುವುದೇ ದುಸ್ತರ. ಫ್ಲಾರಿಡಾದಲ್ಲಿ ೧೨೦ ನಾಯಿಗಳನ್ನು ಇಟ್ಟುಕೊಂಡು ನಡೆದ ಅಧ್ಯಯನವೊಂದರಲ್ಲಿ ಆಶ್ರಯಶಾಲೆಗಳ ನೌಕರರು ೬೨ನ್ನು ಪಿಟ್‌ಬುಲ್ ಬಗೆಯವೆಂದು ಗುರುತಿಸಿದರು. ರಕ್ತಪರೀಕ್ಷೆಯು ೨೫ನ್ನು ಮಾತ್ರ ಹಾಗೆಂದಿತು. ದಿನವೂ ನಾಯಿಗಳ ನಡುವೆ ಇರುವವರ ಕಣ್ಣೇ ಹೀಗೆ ತಪ್ಪಿದರೆ ಬೀದಿಯ ಪೋಲೀಸಿನವನ ಕಣ್ಣಿನ ಮಾತೇನು?

ಆದರೆ ಇಲ್ಲಿಗೆ ವಾದವನ್ನು ನಿಲ್ಲಿಸಿದರೆ ಅದು ವಕೀಲಿಯಾಗುತ್ತದೆ, ವಿಚಾರವಾಗುವುದಿಲ್ಲ. ಮನುಷ್ಯರ ಜಾತಿಯು ಮನುಷ್ಯನು ಕಟ್ಟಿದ ಕಥೆ. ನಾಯಿಯ ತಳಿಯಾದರೋ ಮನುಷ್ಯನು ನಿಜವಾಗಿಯೂ ಕಟ್ಟಿದ ದೇಹ. ಆ ದವಡೆಯ ಬಲ, ಹಿಡಿದುದನ್ನು ಬಿಡದ ಹಟ ಇವು ಕಥೆಯಲ್ಲ. ಯಾವ ನಾಯಿಗಾದರೂ ಕೋಪ ಬರಬಹುದು. ಎಲ್ಲ ನಾಯಿಗಳ ಕೋಪದ ಫಲವೂ ಒಂದೇ ಅಲ್ಲ. ೨೦೨೨ರ ಜುಲೈಯಲ್ಲಿ ಲಖನೌ ನಗರದಲ್ಲಿ ಎಂಬತ್ತು ದಾಟಿದ ಮುದುಕಿಯೊಬ್ಬಳು ತನ್ನ ಮನೆಯಲ್ಲಿಯೇ ಸಾಕಿದ ಪಿಟ್‌ಬುಲ್ಲಿನ ಬಾಯಿಗೆ ಸಿಕ್ಕಿ ಸತ್ತಳು. ಆ ಮುದುಕಿಯ ಮಗನ ಮುಂದೆ ನಿಂತು ನೂರಕ್ಕೆ ಒಂಬತ್ತರ ಲೆಕ್ಕವನ್ನು ಒಪ್ಪಿಸಲು ಯಾವ ಮನುಷ್ಯನಿಗೆ ಬಾಯಿ ಬಂದೀತು? ರಕ್ಷಕರಲ್ಲಿ ಕೆಲವರು ಉತ್ಸಾಹದಲ್ಲಿ ಇನ್ನೊಂದು ಕಥೆಯನ್ನು ಹಬ್ಬಿಸಿದರು: ಪೂರ್ವದಲ್ಲಿ ಈ ನಾಯಿಗಳನ್ನು ಮಕ್ಕಳ ದಾದಿಗಳೆಂದು ಕರೆಯುತ್ತಿದ್ದರಂತೆ. ಚರಿತ್ರೆಯಲ್ಲಿ ಇದಕ್ಕೆ ಆಧಾರವಿಲ್ಲ. ಆ ಮಾತನ್ನು ನಂಬಿ ಹಸುಳೆಯನ್ನು ನಾಯಿಯೊಂದರ ಜೊತೆಯಲ್ಲಿ ಒಂಟಿಯಾಗಿ ಬಿಟ್ಟರೆ, ದ್ವೇಷದ ಸುಳ್ಳಿನಷ್ಟೇ ಹಾನಿಯನ್ನು ಪ್ರೀತಿಯ ಸುಳ್ಳೂ ಮಾಡುತ್ತದೆ. ಬ್ಯಾಡ್ ರ‍್ಯಾಪ್ ಸಂಸ್ಥೆಯವರು ಮುಂದೆ ಆ ಮಾತನ್ನು ತಾವಾಗಿ ಕೈಬಿಟ್ಟುದು ಅವರಿಗೆ ಭೂಷಣ.

ಹಾಗಾದರೆ ಅಪಾಯವೂ ನಿಜ, ಋಣವೂ ನಿಜ. ಎರಡನ್ನೂ ಒಟ್ಟಿಗೆ ಹಿಡಿಯುವ ಬಗೆ ಹೇಗೆ? ಶಿಬಿಚಕ್ರವರ್ತಿಯ ಕಥೆಯಲ್ಲಿ ಸಾಮಾನ್ಯವಾಗಿ ಲಕ್ಷ್ಯಕ್ಕೆ ಬಾರದ ಅಂಶವೊಂದುಂಟು. ಪಾರಿವಾಳವನ್ನು ಉಳಿಸಬೇಕಾದಾಗ ಗಿಡುಗನ ಹಸಿವನ್ನು ಶಿಬಿಯು ಸುಳ್ಳೆನ್ನಲಿಲ್ಲ, ಅದನ್ನು ಒಪ್ಪಿಕೊಂಡನು. ಒಪ್ಪಿಕೊಂಡು ತನ್ನ ತೊಡೆಯ ಮಾಂಸವನ್ನು ಕೊಯ್ದು ತಕ್ಕಡಿಗೆ ಹಾಕಿದನು. ತನ್ನದು, ನೆರೆಯವನದಲ್ಲ. ಪಕ್ಕದ ಮನೆಯ ಮಗುವಿನ ತೊಡೆಯನ್ನು ಪಣಕ್ಕೆ ಒಡ್ಡಿ ನಾಯಿಯೊಂದನ್ನು ಉಳಿಸುವೆನೆನ್ನುವವನದು ದಯೆಯಲ್ಲ, ವಿಲಾಸ. ಕಾಳಗದ ನಾಯಿಯನ್ನು ಸಾಕುವವನು ತೆರಬೇಕಾದ ಮಾಂಸವು ಬೇರೆ ಬಗೆಯದು: ಎತ್ತರವಾದ ಬೇಲಿ, ಭದ್ರವಾದ ಅಗಳಿ, ಬೀದಿಗೆ ಹೋಗುವಾಗ ಬಾಯಿಕುಕ್ಕೆ, ಸಂತಾನಹರಣದ ಚಿಕಿತ್ಸೆ, ನೆಂಟರು ಬಂದ ದಿನ ನಾಯಿಗೆ ಬೇರೆ ಕೋಣೆ, ಹತ್ತು ಹನ್ನೆರಡು ವರ್ಷಗಳ ಕಾಲ ಊರು ಬಿಟ್ಟು ಸ್ವೇಚ್ಛೆಯಾಗಿ ಹೋಗಲಾರದ ಕಟ್ಟು, ಕೆಲವು ವೇಳೆ, ತಾನೇ ಸಾಕಿದ ನಾಯಿಯು ತಿದ್ದಲು ಬಾರದೆಂದು ಕಂಡಾಗ ವೈದ್ಯನ ಬಳಿಗೆ ಕೊನೆಯ ಸಲ ಕರೆದುಕೊಂಡು ಹೋಗುವ ಎದೆಗಾರಿಕೆ. ಇಷ್ಟನ್ನು ತೆರಲಾರದವನು ದೂರದಿಂದ ಹಣ ಕೊಡಬಹುದು. ನಾಯಿಯನ್ನು ಮನೆಗೆ ತರಬಾರದು.

ಮನುಷ್ಯರೇ ಹಸಿದಿರುವಾಗ ನಾಯಿಗೆ ಲಕ್ಷಗಟ್ಟಲೆ ವೆಚ್ಚವೇಕೆಂಬ ಆಕ್ಷೇಪವೂ ಉಂಟು. ವಿಕ್ಕನ ಪ್ರಕರಣದ ಮಟ್ಟಿಗೆ ಉತ್ತರವು ಸುಲಭ: ಆ ಹಣವು ಬಡವನ ತಟ್ಟೆಯಿಂದ ಬಂದುದಲ್ಲ, ಕೇಡನ್ನು ಮಾಡಿದವನ ಗಂಟಿನಿಂದ ಬಂದುದು. ಮುರಿದವನೇ ಕಟ್ಟಿಕೊಡುವುದು ಎಲ್ಲ ದೇಶದ ನ್ಯಾಯ. ಆದರೆ ಎಲ್ಲ ಪ್ರಕರಣಗಳಲ್ಲಿಯೂ ಗಂಟು ಸಿಕ್ಕುವುದಿಲ್ಲ. ೨೦೦೯ರ ಜುಲೈಯಲ್ಲಿ ಮಿಸೂರಿಯನ್ನು ಕೇಂದ್ರವಾಗಿಟ್ಟುಕೊಂಡು ಅನೇಕ ಸಂಸ್ಥಾನಗಳಲ್ಲಿ ಒಮ್ಮೆಗೇ ನಡೆದ ದಾಳಿಯಲ್ಲಿ ನಾನೂರಕ್ಕೂ ಹೆಚ್ಚು ನಾಯಿಗಳು ದೊರೆತವು. ಅವುಗಳಲ್ಲಿ ಎಷ್ಟೋ ಉಳಿದವು, ಎಷ್ಟೋ ಉಳಿಯಲಿಲ್ಲ. ಅದೇ ವರ್ಷದ ಮೊದಲಲ್ಲಿ ಉತ್ತರ ಕ್ಯಾರೊಲೈನಾದ ವಿಲ್ಕ್ಸ್ ಸೀಮೆಯಲ್ಲಿ ಹಿಡಿದ ನೂರಕ್ಕೂ ಮಿಕ್ಕ ನಾಯಿಗಳನ್ನು, ಕಣ್ಣು ತೆರೆದು ಕೆಲವೇ ವಾರಗಳಾದ ಮರಿಗಳು ಸಹಿತವಾಗಿ, ನ್ಯಾಯಾಲಯದ ಆಜ್ಞೆಯಂತೆ ಕೊಂದಿದ್ದರು. ಯಾವ ಕಣವನ್ನೂ ಕಾಣದ ಮರಿಗಳಿಗೆ ಕಣದ ಅಪರಾಧವನ್ನು ಹೊರಿಸಿದುದನ್ನು ಜನರು ಸಹಿಸಲಿಲ್ಲ. ಆ ಕೋಲಾಹಲದ ಬಳಿಕವೇ ಹ್ಯೂಮೇನ್ ಸೊಸೈಟಿಯು ತನ್ನ ಹಳೆಯ ಧೋರಣೆಯನ್ನು ಬದಲಿಸಿ, ಕಾಳಗದಿಂದ ಹಿಡಿದ ನಾಯಿಗಳನ್ನೂ ಒಂದೊಂದಾಗಿ ಪರೀಕ್ಷಿಸಬೇಕೆಂದು ಸಾರಿತು. ದೊಡ್ಡ ಸಂಸ್ಥೆಗಳು ತಮ್ಮ ಮಾತನ್ನು ಬದಲಿಸುವುದು ಅಪೂರ್ವ. ಬದಲಿಸಿದಾಗ ಅದನ್ನು ಅವರ ಲೆಕ್ಕಕ್ಕೆ ಜಮಾ ಮಾಡಬೇಕು.

ಭಾರತದಲ್ಲಿಯೂ ಪ್ರಶ್ನೆಯು ಬಾಗಿಲಿಗೆ ಬಂದಿದೆ. ೨೦೨೪ರ ಮಾರ್ಚಿಯಲ್ಲಿ ಕೇಂದ್ರ ಸರಕಾರವು ಪಿಟ್‌ಬುಲ್ ಮೊದಲಾದ ೨೩ ತಳಿಗಳ ಆಮದು, ಸಂತಾನಾಭಿವೃದ್ಧಿ, ಮಾರಾಟಗಳನ್ನು ತಡೆಯಬೇಕೆಂದೂ ಈಗಾಗಲೇ ಸಾಕಿರುವ ಅಂಥ ನಾಯಿಗಳಿಗೆ ಸಂತಾನಹರಣ ಮಾಡಿಸಬೇಕೆಂದೂ ರಾಜ್ಯಗಳಿಗೆ ಸುತ್ತೋಲೆಯನ್ನು ಕಳುಹಿಸಿತು. ಸಂಬಂಧಪಟ್ಟವರನ್ನು ಕೇಳದೆ ಹೊರಡಿಸಿದುದೆಂಬ ಕಾರಣದಿಂದ ಕರ್ನಾಟಕದ ಉಚ್ಚ ನ್ಯಾಯಾಲಯವು ಮರುತಿಂಗಳೇ ಆ ಸುತ್ತೋಲೆಯನ್ನು ರದ್ದುಮಾಡಿತು. ಕಾನೂನಿನ ಮಾತು ಹಾಗಿರಲಿ. ಶೋಕಿಗೆಂದು, ಮನೆಯ ಮುಂದೆ ಕಟ್ಟಿದರೆ ನಾಲ್ಕು ಜನ ಹೆದರಲಿ ಎಂದು, ದುಬಾರಿ ಬೆಲೆ ಕೊಟ್ಟು ಮರಿಯನ್ನು ತಂದು, ಒಂದೂವರೆ ವರ್ಷಕ್ಕೆ ಅದು ಎಳೆದಾಡತೊಡಗಿದಾಗ ಊರ ಹೊರಗೆ ಬಿಟ್ಟು ಬರುವವರ ವಿಷಯವನ್ನು ಸುತ್ತೋಲೆಯೂ ಮುಟ್ಟಲಿಲ್ಲ, ತೀರ್ಪೂ ಪೂರ್ತಿಯಾಗಿ ಮುಟ್ಟಲಾರದು. ಕೋಳಿ ಅಂಕವನ್ನೂ ಟಗರಿನ ಕಾಳಗವನ್ನೂ ಕಂಡ ನಾಡಿಗೆ ಪ್ರಾಣಿಯ ರೋಷದ ಮೇಲೆ ಪಣ ಕಟ್ಟುವ ಮನಸ್ಸು ಅಪರಿಚಿತವಲ್ಲ. ಪ್ರಾಣಿಗಳನ್ನು ಕಾದಾಡಲು ಕೆರಳಿಸುವುದನ್ನು ೧೯೬೦ರ ಪ್ರಾಣಿಹಿಂಸಾ ನಿವಾರಣೆಯ ಕಾಯಿದೆಯು ಅಪರಾಧವೆಂದಿತು. ಮೊದಲ ಸಲದ ತಪ್ಪಿಗೆ ಅದು ಇಟ್ಟ ದಂಡವು ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಐವತ್ತು ರೂಪಾಯಿಗೆ ನಾಯಿಯ ಒಂದು ವಾರದ ಊಟವೂ ಆಗದು, ಪುನರ್ಜೀವನದ ಮಾತಂತಿರಲಿ.

ಉಳಿದುದು ಆ ಆಟಗಾರನ ಮಾತು. ವಿಕ್ ೨೦೦೯ರಲ್ಲಿ ಬಿಡುಗಡೆಯಾಗಿ ಮತ್ತೆ ಆಟಕ್ಕೆ ಸೇರಿದನು, ಮತ್ತೆ ಹಣವನ್ನೂ ಚಪ್ಪಾಳೆಯನ್ನೂ ಗಳಿಸಿದನು. ೨೦೧೧ರಲ್ಲಿ ನಾಯಿಕಾಳಗವನ್ನು ನೋಡಲು ಹೋಗುವುದನ್ನೂ ದಂಡನೀಯವನ್ನಾಗಿ ಮಾಡುವ ಮಸೂದೆಯ ಪರವಾಗಿ ವಾಷಿಂಗ್ಟನ್ನಿನಲ್ಲಿ ಮಾತನಾಡಿದನು. ಅವನ ಪಶ್ಚಾತ್ತಾಪವು ನಿಜವೋ ನಟನೆಯೋ ಎಂದು ಅನೇಕರು ಇಂದಿಗೂ ಚರ್ಚಿಸುತ್ತಾರೆ. ನಾಯಿಗೆ ಎರಡನೆಯ ಅವಕಾಶವನ್ನು ಬೇಡಿದವರಲ್ಲಿಯೇ ಎಷ್ಟೋ ಮಂದಿ ಅವನಿಗೆ ಅದನ್ನು ಕೊಡಲು ಒಪ್ಪಲಿಲ್ಲ. ಅವರನ್ನು ಅಸಂಗತರೆನ್ನುವ ಮೊದಲು ಒಂದು ಭೇದವನ್ನು ನೆನೆಯಬೇಕು: ಆರಿಸಿಕೊಳ್ಳುವ ಶಕ್ತಿಯು ಅವನಿಗಿತ್ತು, ಸರಪಳಿಯಲ್ಲಿದ್ದುದಕ್ಕೆ ಇರಲಿಲ್ಲ.

ಯೂಟಾಕ್ಕೆ ಹೋದ ಇಪ್ಪತ್ತೆರಡು ನಾಯಿಗಳಲ್ಲಿ ಎರಡನ್ನು ಎಂದಿಗೂ ಆ ಧಾಮದಿಂದ ಹೊರಗೆ ಕಳುಹಿಸಕೂಡದೆಂದು ನ್ಯಾಯಾಲಯವು ಆಜ್ಞೆ ಮಾಡಿತ್ತು. ಒಂದು ಮೆರಿಲ್, ಮನುಷ್ಯರನ್ನು ನಂಬದುದು. ಇನ್ನೊಂದು ಲೂಕಸ್, ಕಾಳಗಗಳಲ್ಲಿ ಗೆದ್ದು ಹೆಸರಾದುದು. ಮೈಯೆಲ್ಲ ಗಾಯದ ಕಲೆಗಳು, ಜನರನ್ನು ಕಂಡರೆ ಬಾಲವಾಡಿಸುವ ಪ್ರೀತಿ. ಅವುಗಳಿಗೆ ಬೇಲಿಯೂ ಇತ್ತು, ಬೇಲಿಯೊಳಗೆ ಹಾಸಿಗೆಯೂ ಇತ್ತು, ದಿನವೂ ಬಂದು ಕುಳಿತುಕೊಳ್ಳುವ ಮನುಷ್ಯರೂ ಇದ್ದರು. ಲೂಕಸ್ ೨೦೧೩ರಲ್ಲಿ ಅಲ್ಲಿಯೇ ತೀರಿಹೋಯಿತು. ನಲವತ್ತೇಳರಲ್ಲಿ ಕಡೆಯದು ಫ್ರೋಡೋ. ವರ್ಜೀನಿಯದ ಹಿತ್ತಿಲಿನಿಂದ ಹೊರಟಾಗ ಅದು ಇನ್ನೂ ಎಳೆಯದು. ಕ್ಯಾಲಿಫೋರ್ನಿಯದ ಒಂದು ಕುಟುಂಬದಲ್ಲಿ ಮನೆಯ ನಾಯಿಯಾಗಿ ಬಾಳಿ, ೨೦೨೧ರ ಡಿಸೆಂಬರಿನಲ್ಲಿ, ಹದಿನೈದು ವರ್ಷ ತುಂಬಿದ ಮುದಿನಾಯಿಯಾಗಿ ಸತ್ತಿತು.